ಕಾಯುವವನ ಎದುರು ಯಾರು? ‘ಕಾವಲು’ ಪದದ ವಿರುದ್ಧಾರ್ಥಗಳು: ಹಾಸನ ಮಲೆನಾಡಿನ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕನ್ನಡದ ಶಾಲಾ ವ್ಯಾಕರಣಗಳಲ್ಲಿ ವಿರುದ್ಧಾರ್ಥಕ ಪದಗಳ ಪಟ್ಟಿಯೊಂದು ತಪ್ಪದೆ ಇರುತ್ತದೆ. ಹಗಲಿಗೆ ಇರುಳು, ಲಾಭಕ್ಕೆ ನಷ್ಟ, ಸಿರಿತನಕ್ಕೆ ಬಡತನ ಎಂಬಂತೆ ‘ರಕ್ಷಕ’ ಎಂಬುದಕ್ಕೆ ‘ಭಕ್ಷಕ’ ಎಂಬ ಉತ್ತರವೂ ಸಿದ್ಧವಾಗಿರುತ್ತದೆ. ಪ್ರಾಸಬದ್ಧವಾದ ಈ ಜೋಡಿ ಕಿವಿಗೆ ಹಿತವಾಗಿದೆ. ನೆನಪಿನಲ್ಲಿಯೂ ಸುಲಭವಾಗಿ ನಿಲ್ಲುತ್ತದೆ. ಆದರೆ ಕಾಯುವವನಿಗೆ ತಿನ್ನುವವನೇ ಏಕೆ ವಿರುದ್ಧನಾಗಬೇಕು? ಕದಿಯುವವನು, ಕೊಲ್ಲುವವನು, ಕೈಬಿಡುವವನು, ದ್ರೋಹ ಬಗೆಯುವವನು, ಕಾಯುವವರೇ ಇಲ್ಲದವನು, ಕಾಯಿಸಿಕೊಳ್ಳುವವನು ಇವರೆಲ್ಲರೂ ಬೇರೆ ಬೇರೆ ಅರ್ಥದಲ್ಲಿ ಅವನ ಎದುರಿಗೆ ನಿಲ್ಲಬಲ್ಲವರೇ ಅಲ್ಲವೇ?

ಈ ಪ್ರಶ್ನೆಯನ್ನು ಹಾಸನ ಜಿಲ್ಲೆಯ ಶಾಸನಭಾಷೆ ಹಾಗೂ ಸಕಲೇಶಪುರ–ಆಲೂರು ಮಲೆನಾಡಿನ ವರ್ತಮಾನದ ಮಾತುಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಬೆಂಗಳೂರು–ಮಂಗಳೂರು ಹೆದ್ದಾರಿಯು ಸಕಲೇಶಪುರವನ್ನು ದಾಟಿ, ದೋಣಿಗಾಲ್‌ನ ಬಳಿ ಮಂಜರಾಬಾದ್ ಕೋಟೆಯ ಬುಡದಲ್ಲಿ ಹಾದು, ಮಾರನಹಳ್ಳಿಯನ್ನು ತಲುಪಿ ಅಲ್ಲಿಂದ ಮುಂದೆ ಶಿರಾಡಿ ಘಾಟಿಯ ಕಾಡಿನೊಳಗೆ ಇಳಿಯುತ್ತದೆ. ಕೋಟೆ, ಕಾಡು, ಕಾಫಿ ತೋಟ, ಗದ್ದೆ ಇವೆಲ್ಲವೂ ಒಂದೊಂದು ಬಗೆಯ ಕಾವಲನ್ನು ಬೇಡುವಂಥವು. ಆದ್ದರಿಂದ ಕಾವಲಿನ ವಿರುದ್ಧಾರ್ಥವನ್ನು ಹುಡುಕುವವರಿಗೆ ಈ ದಾರಿ ಒಳ್ಳೆಯ ಆಕರವಾಗುತ್ತದೆ.

ಧಾತುವಿನ ಸ್ವರೂಪ

ಕನ್ನಡದಲ್ಲಿ ರಕ್ಷಣೆಯ ಅರ್ಥವನ್ನು ಹೊತ್ತ ದೇಶ್ಯ ಧಾತು ‘ಕಾಯ್’. ಕಾಪು, ಕಾಹು, ಕಾವಲ್, ಕಾಪಾಡು, ಕಾವಲುಗಾರ ಎಂಬ ರೂಪಗಳು ಇದರ ಬಳಗಕ್ಕೆ ಸೇರಿದವು. ತಮಿಳಿನ ‘ಕಾವಲ್’, ತೆಲುಗಿನ ‘ಕಾಪು’, ‘ಕಾವಲಿ’ಗಳನ್ನು ನೋಡಿದರೆ ಇದು ದ್ರಾವಿಡ ಭಾಷೆಗಳಿಗೆ ಸಮಾನವಾದ ಧಾತುವೆಂಬುದು ಸ್ಪಷ್ಟ. ಕಾಯುವುದೆಂದರೆ ರಕ್ಷಿಸುವುದೂ ಹೌದು, ಎದುರು ನೋಡುತ್ತ ನಿಲ್ಲುವುದೂ ಹೌದು. ಕಾವಲಿನಲ್ಲಿ ಬಲಕ್ಕಿಂತ ತಾಳ್ಮೆ ಮುಖ್ಯವೆಂಬ ಅನುಭವ ಈ ಎರಡು ಅರ್ಥಗಳ ಕೂಡುವಿಕೆಯಲ್ಲಿದೆ. ಹಾಸನ ಜಿಲ್ಲೆಯ ಪೂರ್ವದ ತಾಲ್ಲೂಕುಗಳಲ್ಲಿ ಈ ಪದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಯಲ್ಪಟ್ಟ ನೆಲದ ಹೆಸರೇ ಆಗಿದೆ. ಮೈಸೂರು ಅರಸರ ದನಗಳ ಮೇವಿಗಾಗಿ ಕಾದಿರಿಸಿದ ಹುಲ್ಲುಗಾವಲುಗಳು ‘ಅಮೃತ ಮಹಲ್ ಕಾವಲು’ ಎಂದೇ ಪ್ರಸಿದ್ಧವಾದವು.

ಇಂಥ ಧಾತುವಿಗೆ ವಿರುದ್ಧಪದವನ್ನು ರೂಪಿಸಲು ಸಂಸ್ಕೃತದಲ್ಲಿರುವಂತೆ ಅ, ನಿರ್, ವಿ ಮೊದಲಾದ ಪೂರ್ವಪ್ರತ್ಯಯಗಳು ದೇಶ್ಯ ಕನ್ನಡದಲ್ಲಿಲ್ಲ. ಕನ್ನಡದ ನಿಷೇಧ ಕ್ರಿಯಾಪದದಲ್ಲಿಯೇ ಅಡಗಿರುತ್ತದೆ: ಕಾಯುವ, ಕಾಯದ. ಆದರೆ ‘ಕಾಯದವನು’ ಎಂಬುದು ಕೇವಲ ಕರ್ತವ್ಯಲೋಪವನ್ನು ಸೂಚಿಸುತ್ತದೆಯೇ ಹೊರತು ಎದುರಾಳಿಯನ್ನಲ್ಲ. ಆದ್ದರಿಂದ ಎದುರಾಳಿಯನ್ನು ಹೆಸರಿಸಬೇಕಾದಾಗ ಕನ್ನಡವು ಮತ್ತೊಂದು ಕ್ರಿಯಾಪದವನ್ನು ತರುತ್ತದೆ. ಆ ಕ್ರಿಯಾಪದ ಯಾವುದೆಂಬುದನ್ನು ಕಾಯುವವನು ನಿರ್ಧರಿಸುವುದಿಲ್ಲ. ಕಾಯಲ್ಪಡುವ ವಸ್ತು ನಿರ್ಧರಿಸುತ್ತದೆ. ಜೀವವನ್ನು ಕಾಯುವವನಿಗೆ ‘ಕೊಲ್ಲುವವನು’, ಹೊಲವನ್ನು ಕಾಯುವವನಿಗೆ ‘ಮೇಯುವುದು’, ಒಡವೆಯನ್ನು ಕಾಯುವವನಿಗೆ ‘ಕದಿಯುವವನು’, ಮಗುವನ್ನು ಸಲಹುವವನಿಗೆ ‘ತೊರೆಯುವವನು’ ಎದುರಾಗುತ್ತಾರೆ. ‘ಭಕ್ಷಕ’ ಎಂಬುದು ಈ ಸಾಲಿನಲ್ಲಿ ಒಂದು ಮಾತ್ರ. ಈ ಅಂಶಕ್ಕೆ ಶಾಸನಗಳಿಂದ ದೊರೆಯುವ ಸಾಕ್ಷ್ಯವನ್ನು ಮುಂದೆ ನೋಡಬಹುದು.

ಶಾಸನಗಳ ಸಾಕ್ಷ್ಯ: ಅೞಿವವನು ಮತ್ತು ಕೊಳ್ಳುವವನು

ಕನ್ನಡ ಭಾಷೆಯ ಪ್ರಾಚೀನ ದಾಖಲೆಗಳಲ್ಲಿ ಮುಖ್ಯವಾದ ಹಲ್ಮಿಡಿ ಶಾಸನ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನದು. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದೆಂದು ಹೇಳಲಾಗುವ ಈ ಶಾಸನ ವೀರನೊಬ್ಬನಿಗೆ ನೀಡಿದ ‘ಬಾಳ್ಗೞ್ಚು’ ದತ್ತಿಯನ್ನು ದಾಖಲಿಸುತ್ತದೆ. ದತ್ತಿಯ ವಿವರದ ಬಳಿಕ ಅದನ್ನು ‘ಅೞಿವೊನ್’ ಯಾರೋ ಅವನಿಗೆ ಮಹಾಪಾತಕ ತಟ್ಟುತ್ತದೆಯೆಂಬ ಎಚ್ಚರಿಕೆ ಇದೆ. ಈ ರೂಪದ ವ್ಯಾಕರಣ ಗಮನಾರ್ಹ. ಅೞಿದವನೆಂಬ ಭೂತಕಾಲವಿಲ್ಲಿಲ್ಲ, ಅೞಿಯುವವನೆಂಬ, ಮುಂದೆಂದೋ ಬರಬಹುದಾದವನ ಸೂಚನೆಯಿದೆ. ಎಂದರೆ ಕನ್ನಡದ ಈ ಆದಿಮ ದಾಖಲೆಯಲ್ಲಿ ದತ್ತಿಯ ರಕ್ಷಣೆಗೆ ಎದುರಾಗಿ ನಿಂತವನು ಹೆಸರಿಲ್ಲದ, ಇನ್ನೂ ಹುಟ್ಟಿರದಿರಬಹುದಾದ ಒಬ್ಬ ವ್ಯಕ್ತಿ.

ಈ ಒಂಟಿ ಪದ ಮುಂದಿನ ಶತಮಾನಗಳಲ್ಲಿ ಜೋಡಿಯಾಗಿ ಬೆಳೆಯಿತು. ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಾಸನ ಜಿಲ್ಲೆಯ ಸಂಪುಟವನ್ನು ತಿರುವಿದರೆ ಹೊಯ್ಸಳರ ಕಾಲದ ದಾನಶಾಸನಗಳ ಕೊನೆಯಲ್ಲಿ ಕಾದವನಿಗೆ ಪುಣ್ಯ, ಅಳಿದವನಿಗೆ ಪಾಪ ಎಂಬ ಎರಡು ತಕ್ಕಡಿಗಳು ಮತ್ತೆ ಮತ್ತೆ ಕಾಣಸಿಗುತ್ತವೆ. ಕಾದವನಿಗೆ ವಾರಣಾಸಿಯಂಥ ಪುಣ್ಯಕ್ಷೇತ್ರದಲ್ಲಿ ಕವಿಲೆಗಳನ್ನು ದಾನ ಮಾಡಿದ ಫಲ; ಅಳಿದವನಿಗೆ ಅದೇ ಕ್ಷೇತ್ರದಲ್ಲಿ ಅದೇ ಕವಿಲೆಗಳನ್ನು ಕೊಂದ ಪಾಪ. ಕ್ಷೇತ್ರ ಒಂದೇ, ಗೋವು ಒಂದೇ. ಕ್ರಿಯೆ ಮಾತ್ರ ತಿರುಗಿದೆ. ವಿರುದ್ಧಾರ್ಥವೆಂಬ ಭಾಷಿಕ ಸಂಗತಿಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ರಚನೆ ವಿರಳ. ಇಂಥ ಶಾಸನಗಳಲ್ಲಿ ಬರುವ ಸಂಸ್ಕೃತ ಶ್ಲೋಕಗಳು ದಾನಕ್ಕಿಂತ ಅದರ ಪಾಲನೆಯೇ ಮಿಗಿಲೆಂದು ಹೇಳುತ್ತವೆ. ತಾನು ಕೊಟ್ಟದ್ದನ್ನೇ ಆಗಲಿ, ಪರರು ಕೊಟ್ಟದ್ದನ್ನೇ ಆಗಲಿ ಅಪಹರಿಸಬಾರದೆಂದು ಎಚ್ಚರಿಸುತ್ತವೆ. ದಾನಿಯೇ, ದಾನಿಯ ವಂಶದವನೇ ಅಳಿಯುವವನಾಗಬಹುದೆಂಬ ಅರಿವು ಶಾಸನಕಾರರಿಗಿತ್ತು.

ದತ್ತಿಯ ನೆಲಕ್ಕೆ ‘ಅೞಿ’ ಎಂಬ ಕ್ರಿಯಾಪದ ಬಳಕೆಯಾದರೆ, ದನಗಳ ವಿಷಯಕ್ಕೆ ಬಂದಾಗ ಪದವೇ ಬದಲಾಗುತ್ತದೆ. ವೀರಗಲ್ಲುಗಳಲ್ಲಿ ಕಾಣುವ ‘ತುಱುಗೊಳ್’ ಎಂಬ ಮಾತಿನಲ್ಲಿ ‘ಕೊಳ್’ ಎಂದರೆ ಹಿಡಿದೊಯ್ಯುವುದು. ತುರುಗಳನ್ನು ಕಾಯುವವನು ತುರುಗಾಹಿ. ವಚನಕಾರರಲ್ಲಿ ತುರುಗಾಹಿ ರಾಮಣ್ಣನೆಂಬುವನಿರುವುದು ತಿಳಿದದ್ದೇ. ತುರುಗಾಹಿಯ ಎದುರಿಗಿರುವವನು ತುರುಗೊಳ್ಳುವವನು. ಇವರಿಬ್ಬರ ನಡುವೆ, ಕೊಂಡೊಯ್ದ ತುರುಗಳನ್ನು ‘ಮಗುಱ್ಚಿ’, ಅಂದರೆ ಹಿಂದಿರುಗಿಸಿ, ಪ್ರಾಣ ಕೊಟ್ಟ ವೀರನಿಗೆ ಕಲ್ಲು ನೆಡಲಾಯಿತು. ಊರಿನ ನಾಶಕ್ಕೆ ‘ಊರೞಿವು’, ಹೆಂಗಸರ ಅಪಹರಣದ ಮೊರೆಗೆ ‘ಪೆಣ್ಬುಯ್ಯಲ್’ ಎಂಬ ಪ್ರತ್ಯೇಕ ಪದಗಳಿದ್ದವು. ಎಂ. ಚಿದಾನಂದಮೂರ್ತಿ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಈ ಬಗೆಯ ಪದಗಳ ಹಿಂದಿನ ಜನಜೀವನದತ್ತ ವಿದ್ವಾಂಸರ ಗಮನ ಸೆಳೆದ ಮಹತ್ವದ ಕೃತಿ.

ಇಲ್ಲಿ ಮತ್ತೊಂದು ಸೂಕ್ಷ್ಮವನ್ನು ಗಮನಿಸಬೇಕು. ಮಹಾಭಾರತದ ವಿರಾಟಪರ್ವದಲ್ಲಿ ಕೌರವರು ವಿರಾಟನ ಗೋವುಗಳನ್ನು ಹಿಡಿದೊಯ್ಯುವುದನ್ನು ‘ಗೋಗ್ರಹಣ’ವೆಂದು ಕರೆಯುತ್ತೇವೆ, ‘ಗೋಚೌರ್ಯ’ವೆನ್ನುವುದಿಲ್ಲ. ಅರಸನು ಹಿಡಿದರೆ ಗ್ರಹಣ, ಬಡವನು ಹಿಡಿದರೆ ಕಳವು. ಕಾವಲಿನ ವಿರುದ್ಧಪದ ಕೃತ್ಯವನ್ನಷ್ಟೇ ಅಲ್ಲದೆ ಕರ್ತೃವಿನ ಸ್ಥಾನಮಾನವನ್ನೂ ಅವಲಂಬಿಸಿರುತ್ತದೆ ಎಂಬ ಈ ಸಂಗತಿ ಮುಂದಿನ ಚರ್ಚೆಗೆ ಉಪಯುಕ್ತವಾಗಿದೆ.

ಒಳಗಿನ ವಿರೋಧಿ

ಅೞಿಯುವವನಾಗಲಿ, ಕೊಳ್ಳುವವನಾಗಲಿ ಬಹುಮಟ್ಟಿಗೆ ಹೊರಗಿನಿಂದ ಬರುವವನು. ಆದರೆ ಕನ್ನಡಿಗರ ಮಾತಿನಲ್ಲಿ ಇವರಿಗಿಂತ ಹೆಚ್ಚು ಭಯ ಹುಟ್ಟಿಸಿರುವವನು ಒಳಗೇ ಇರುವವನು. ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಬಸವಣ್ಣನವರ ವಚನವೊಂದು ಈ ಬೇಲಿಯ ಚಿತ್ರವನ್ನು, ತಾಯಿಯ ಮೊಲೆಹಾಲೇ ನಂಜಾಗಿ ಕೊಲ್ಲುವ ಚಿತ್ರದೊಡನೆ ಇರಿಸಿ, ದೂರು ಹೇಳಿಕೊಳ್ಳಲೂ ಯಾರಿಲ್ಲದ ಸ್ಥಿತಿಯನ್ನು ಕಾಣಿಸುತ್ತದೆ. ಕಳ್ಳ ಬಂದರೆ ಕಾವಲುಗಾರನನ್ನು ಕೂಗಬಹುದು. ಕಾವಲುಗಾರನೇ ಕಳ್ಳನಾದರೆ ಕೂಗು ಯಾರಿಗೆ?

ರಾಜಕೀಯದಲ್ಲಿ ಇಂಥವನಿಗೆ ಇದ್ದ ಹೆಸರು ‘ದ್ರೋಹಿ’. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನಿಗೆ ‘ದ್ರೋಹಘರಟ್ಟ’ ಎಂಬ ಬಿರುದಿತ್ತು. ಘರಟ್ಟವೆಂದರೆ ಬೀಸುವ ಕಲ್ಲು. ದ್ರೋಹಿಗಳನ್ನು ಹಿಟ್ಟು ಮಾಡುವ ಬೀಸುಕಲ್ಲು ಎಂದು ಇದರ ಅರ್ಥ. ಅವನ ನೆನಪಿಗಾಗಿ ಮಗ ಬೊಪ್ಪನು 1133ರಲ್ಲಿ ಹಳೇಬೀಡಿನಲ್ಲಿ ಕಟ್ಟಿಸಿದ, ಈಗ ಪಾರ್ಶ್ವನಾಥ ಬಸದಿಯೆಂದು ಹೆಸರಾಗಿರುವ ಜಿನಾಲಯಕ್ಕೆ ದ್ರೋಹಘರಟ್ಟ ಜಿನಾಲಯವೆಂದೇ ಹೆಸರಿಡಲಾಯಿತು. ಅದೇ ಊರಿನ ಹೊಯ್ಸಳೇಶ್ವರ ದೇವಾಲಯದ ಬಳಿಯಿರುವ ಕುವರಲಕ್ಷ್ಮನ ಸ್ತಂಭ ಇದರ ಇನ್ನೊಂದು ತುದಿಯನ್ನು ತೋರಿಸುತ್ತದೆ. ಇಮ್ಮಡಿ ವೀರಬಲ್ಲಾಳನ ಗರುಡನಾಗಿದ್ದ ಲಕ್ಷ್ಮನು ಒಡೆಯನೊಡನೆ ಪ್ರಾಣ ಬಿಡುವ ವ್ರತವನ್ನು ನೆರವೇರಿಸಿದ ಸ್ಮಾರಕವದು. ಒಡೆಯನ ಅಂಗರಕ್ಷಣೆಯ ಹೊಣೆ ಹೊತ್ತವನ ಮುಂದೆ ಎರಡೇ ಹೆಸರುಗಳಿದ್ದವು: ಗರುಡ, ಇಲ್ಲವೇ ಸ್ವಾಮಿದ್ರೋಹಿ. ನಡುವೆ ನಿಲ್ಲಲು ಪದವಿರಲಿಲ್ಲ.

ಕಾಯುವವನೂ ಅವನ ವಿರೋಧಿಯೂ ಒಂದೇ ಮೂಲದಿಂದ ಹುಟ್ಟಬಹುದೆಂಬುದಕ್ಕೆ ‘ರಾಕ್ಷಸ’ ಪದದ ನಿರ್ವಚನಗಳೂ ಸಾಕ್ಷಿ. ರಾಮಾಯಣದ ಉತ್ತರಕಾಂಡದ ಪ್ರಕಾರ ಬ್ರಹ್ಮನು ಸೃಷ್ಟಿಸಿದ ಜೀವಿಗಳಲ್ಲಿ ‘ನಾವು ರಕ್ಷಿಸುತ್ತೇವೆ’ ಎಂದವರು ರಾಕ್ಷಸರಾದರು. ಯಾಸ್ಕನ ನಿರುಕ್ತವು ‘ರಕ್ಷಸ್’ ಎಂಬುದಕ್ಕೆ, ಯಾವುದರಿಂದ ರಕ್ಷಿಸಿಕೊಳ್ಳಬೇಕೋ ಅದು ಎಂಬ ಅರ್ಥವನ್ನು ಕೊಡುವ ವಿವರಣೆಗಳಲ್ಲಿ ಒಂದಾಗಿ ಹೇಳುತ್ತದೆ. ಒಂದು ನಿರ್ವಚನದಲ್ಲಿ ರಾಕ್ಷಸನು ಕಾಯಹೊರಟವನು. ಇನ್ನೊಂದರಲ್ಲಿ ಅವನಿಂದಲೇ ಲೋಕವನ್ನು ಕಾಯಬೇಕು. ಧಾತು ಮಾತ್ರ ಒಂದೇ.

ಜನಪದ ಭಾಷೆಯಲ್ಲಿ ಈ ದ್ವಂದ್ವಕ್ಕೆ ‘ಮಾರಿ’ ಎಂಬ ಪದವಿದೆ. ಮಾರಿ ಊರನ್ನು ಕಾಯುವ ದೇವತೆಯೂ ಹೌದು, ಊರನ್ನು ಕಾಡುವ ಬೇನೆಯೂ ಹೌದು. ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂಬ ಗಾದೆಯಲ್ಲಿ ವ್ಯಕ್ತಿ ಒಬ್ಬನೇ. ನೋಡುವ ಸ್ಥಳ ಬದಲಾದೊಡನೆ ಹೆಸರು ತಿರುಗುತ್ತದೆ. ಪ್ರಾಸಂಗಿಕವಾಗಿ ಹೇಳುವುದಾದರೆ, ಮಾರನಹಳ್ಳಿಯ ಹೆಸರನ್ನು ಈ ಮಾರಿಯೊಡನೆಯಾಗಲಿ, ಕೊಲ್ಲುವವನೆಂಬ ಅರ್ಥದ ಸಂಸ್ಕೃತದ ‘ಮಾರ’ನೊಡನೆಯಾಗಲಿ ಗಂಟುಹಾಕುವುದು ಆತುರವಾದೀತು. ‘ಮಾರನ’ ಎಂಬುದು ಪುಲ್ಲಿಂಗದ ಷಷ್ಠೀ ರೂಪ. ಮಾರ, ಮಾರಯ್ಯ ಎಂಬ ವ್ಯಕ್ತಿನಾಮಗಳು ಕನ್ನಡದಲ್ಲಿ ಸಾಮಾನ್ಯವಾಗಿದ್ದು ಇದೇ ಹೆಸರಿನ ಊರುಗಳು ಕರ್ನಾಟಕದಲ್ಲಿ ಬೇರೆಡೆಯೂ ಇವೆ.

ಕಾಯುವವರಿಲ್ಲದವನು ಮತ್ತು ಕಾಯಿಸಿಕೊಳ್ಳುವವನು

ಇಲ್ಲಿಯವರೆಗೆ ಕಂಡ ವಿರುದ್ಧಾರ್ಥಗಳಲ್ಲೆಲ್ಲ ಕೆಡುಕು ಮಾಡುವವನೊಬ್ಬನಿದ್ದಾನೆ. ಕೆಡುಕಿನ ಸೋಂಕಿಲ್ಲದ ಎರಡು ವಿರುದ್ಧಾರ್ಥಗಳೂ ಇವೆ. ಮೊದಲನೆಯದು ಅಭಾವರೂಪದ್ದು. ‘ನಾಥ’ ಎಂಬುದಕ್ಕೆ ‘ಅ’ಕಾರ ಸೇರಿದ ‘ಅನಾಥ’ ಪದ ನಾಥನಲ್ಲದವನನ್ನು ಸೂಚಿಸದೆ ನಾಥನಿಲ್ಲದವನನ್ನು ಸೂಚಿಸುತ್ತದೆ. ಪೂರ್ವಪ್ರತ್ಯಯ ಸೇರಿದ ಕೂಡಲೇ ಪದದ ದೃಷ್ಟಿ ಕಾಯುವವನಿಂದ ಕಾಯಬೇಕಾಗಿದ್ದವನತ್ತ ಹೊರಳುತ್ತದೆ. ದೇಶ್ಯದಲ್ಲಿ ಇದೇ ಅರ್ಥಕ್ಕೆ ತಬ್ಬಲಿ, ದಿಕ್ಕಿಲ್ಲದವನು ಎಂಬ ಮಾತುಗಳಿವೆ. ‘ಪರದೇಶಿ’ ಎಂಬ ಪದವೂ ಕನ್ನಡದಲ್ಲಿ ಬೇರೆ ದೇಶದವನೆಂಬ ಅರ್ಥವನ್ನು ದಾಟಿ ಗತಿಯಿಲ್ಲದವನೆಂಬ ಅರ್ಥವನ್ನು ಪಡೆದಿದೆ. ಸ್ವರವೊಂದರ ಹ್ರಸ್ವ–ದೀರ್ಘ ಭೇದದಿಂದ ಅರ್ಥ ತಲೆಕೆಳಗಾಗುವುದಕ್ಕೂ ಇಲ್ಲೊಂದು ನಿದರ್ಶನವಿದೆ. ಪೊಲೀಸರನ್ನು ನಾವು ‘ಆರಕ್ಷಕ’ರೆನ್ನುತ್ತೇವೆ, ದೀರ್ಘ ತಪ್ಪಿದರೆ ‘ಅರಕ್ಷಕ’, ಕಾಯದವನು. ಕಾಯದೆ ತೆರಿಗೆಯನ್ನು ಮಾತ್ರ ಪಡೆಯುವ ಅರಸನಿಗೆ ಮನುಸ್ಮೃತಿಯ 8ನೆಯ ಅಧ್ಯಾಯ ನರಕವನ್ನು ವಿಧಿಸುತ್ತದೆ.

ಎರಡನೆಯದು ಪರಸ್ಪರ ಸಂಬಂಧರೂಪದ್ದು. ಗುರುವಿಗೆ ಶಿಷ್ಯ, ಒಡೆಯನಿಗೆ ಆಳು ಇದ್ದಂತೆ ಕಾಯುವವನಿಗೆ ಕಾಯಿಸಿಕೊಳ್ಳುವವನು. ಒಬ್ಬನಿಲ್ಲದೆ ಇನ್ನೊಬ್ಬನಿಲ್ಲ. ಆಧುನಿಕ ಕಾನೂನು ಹಿಡಿದಿರುವುದು ಈ ಜೋಡಿಯನ್ನೇ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆಯ ಹೆಸರಿನಲ್ಲಿಯೇ ಪಾಲಕನೂ ಪಾಲಿತನೂ ಜೊತೆಯಾಗಿದ್ದಾರೆ. ಆದರೆ ಕಾನೂನು ಈ ಸೌಮ್ಯ ಜೋಡಿಯಲ್ಲಿಯೇ ತೃಪ್ತಿಪಡುವುದಿಲ್ಲ. ಪಾಲಕನು ಪಾಲಿತನೊಡನೆ ವಿಶ್ವಾಸದ ಸಂಬಂಧದಲ್ಲಿರುತ್ತಾನೆಂದು ಹೇಳಿ, ಆ ವಿಶ್ವಾಸವನ್ನು ದುರುಪಯೋಗಪಡಿಸಿಕೊಂಡವನನ್ನು ತೆಗೆದುಹಾಕುವ ಅಧಿಕಾರವನ್ನು ನ್ಯಾಯಾಲಯಕ್ಕೆ ನೀಡುತ್ತದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯ 8ನೆಯ ಪ್ರಕರಣದಂತೆ ಸ್ವಾಭಾವಿಕ ಪಾಲಕನೂ, ಅಂದರೆ ಹೆತ್ತವರೂ, ಅಪ್ರಾಪ್ತ ವಯಸ್ಸಿನ ಮಗುವಿನ ಸ್ಥಿರಾಸ್ತಿಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ. ಹಾಗೆ ಮಾರಿದ್ದನ್ನು ಮಗು ಮುಂದೆ ಪ್ರಶ್ನಿಸಿ ರದ್ದುಗೊಳಿಸಿಕೊಳ್ಳಬಹುದು. ದಾನಿಯ ವಂಶದವನೇ ಅಳಿಯುವವನಾಗಬಹುದೆಂದು ಶಂಕಿಸಿದ ಶಾಸನಕಾರನಿಗೂ ಈ ಕಾಯಿದೆಯನ್ನು ರೂಪಿಸಿದವರಿಗೂ ನಡುವೆ ಕಾಲದ ಅಂತರ ದೊಡ್ಡದು, ಶಂಕೆ ಒಂದೇ. ಹಿಂದೆ ಕಾಯುವವನನ್ನು ಶಾಪ ಕಾಯುತ್ತಿತ್ತು, ಇಂದು ನ್ಯಾಯಾಲಯ ಕಾಯುತ್ತದೆ.

ಘಾಟಿಯ ದಾರಿಯಲ್ಲಿ

ಪದಗಳ ಈ ವರ್ಗೀಕರಣ ಬದುಕಿಗೆ ಹೇಗೆ ತಟ್ಟುತ್ತದೆಂಬುದನ್ನು ತಿಳಿಯಲು ಮತ್ತೆ ಮಾರನಹಳ್ಳಿಯ ದಾರಿಗೆ ಬರಬೇಕು. ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಕರಾವಳಿಯ ದಾರಿಗೆ ಕಾವಲಾಗಿತ್ತು. ಈ ಸೀಮೆಗೆ ಮೊದಲಿದ್ದ ಹೆಸರು ಬಲಂ. ಇಲ್ಲಿಯ ಪಾಳೆಯಗಾರರು ತಲೆಮಾರುಗಳ ಕಾಲ ಈ ಕಾಡುಗಳನ್ನು ಆಳಿದವರು. 1799ರ ಬಳಿಕ ಹೊಸ ಆಡಳಿತಕ್ಕೆ ತಲೆಬಾಗದ ಬಲಂನ ಪಾಳೆಯಗಾರನನ್ನು ಆರ್ಥರ್ ವೆಲ್ಲೆಸ್ಲಿಯ ಸೇನೆ 1802ರಲ್ಲಿ ಸೆರೆಹಿಡಿದು ಗಲ್ಲಿಗೇರಿಸಿತು. ಸೀಮೆಯ ಒಡೆಯನೆನಿಸಿದ್ದವನು ಹೊಸ ದಫ್ತರಗಳಲ್ಲಿ ಬಂಡಾಯಗಾರನಾದನು. ಪಾಳೆಯವನ್ನು ನೋಡಿಕೊಳ್ಳುವವನೆಂಬ ಮೂಲಾರ್ಥದ ‘ಪಾಳೆಯಗಾರ’ ಪದಕ್ಕೆ ಇಂದು ದಬ್ಬಾಳಿಕೆಯವನೆಂಬ ಛಾಯೆ ಅಂಟಿಕೊಂಡಿದೆ.

ಹಳ್ಳಿಯ ಮಟ್ಟದಲ್ಲಿ ಕಾವಲು ಆಯಗಾರರ ಕೆಲಸವಾಗಿತ್ತು. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಮೈಸೂರು ಸೀಮೆಯ ಗ್ರಾಮಸೇವಕರನ್ನು ಪಟ್ಟಿಮಾಡುವಾಗ ತಳವಾರ ಹಾಗೂ ತೋಟಿಯನ್ನು ಊರಿನ ಮತ್ತು ಬೆಳೆಯ ಕಾವಲಿನವರೆಂದು ಗುರುತಿಸುತ್ತಾನೆ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯೊಡನೆ ವಂಶಪಾರಂಪರ್ಯವಾದ ಈ ಹುದ್ದೆಗಳು ಕೊನೆಗೊಂಡವು. ಕಾವಲು ಈಗ ಇಲಾಖೆಗಳದು. ಅದರೊಡನೆ ವಿರುದ್ಧಪದಗಳೂ ಇಲಾಖೆಯವಾದವು. ಅರಣ್ಯ ರಕ್ಷಕನಿಗೆದುರಾಗಿ ಇಂದು ಹೆಚ್ಚು ಕೇಳಿಬರುವ ಪದ ‘ಒತ್ತುವರಿದಾರ’. ಅದೇ ವ್ಯಕ್ತಿ ತನ್ನನ್ನು ‘ಸಾಗುವಳಿದಾರ’ನೆಂದು ಕರೆದುಕೊಳ್ಳುತ್ತಾನೆ. ಮೊದಲನೆಯ ಪದದಲ್ಲಿ ಅವನು ಕಾವಲಿನ ವಿರೋಧಿ. ಎರಡನೆಯದರಲ್ಲಿ ತಾನೇ ಗದ್ದೆ ತೋಟಗಳನ್ನು ಕಾಯುವವನು. ಗೋಗ್ರಹಣ ಮತ್ತು ಕಳವುಗಳ ನಡುವಣ ಹಳೆಯ ಭೇದ ಇಲ್ಲಿ ಹೊಸ ರೂಪದಲ್ಲಿ ಮರುಕಳಿಸಿದೆ. ಅರ್ಜಿಯಲ್ಲಿ ಯಾವ ಪದ ಬರೆಯಲಾಗಿದೆಯೆಂಬುದು ಒಂದು ಸಂಸಾರದ ನೆಲೆಯನ್ನೇ ನಿರ್ಧರಿಸಬಲ್ಲುದು.

ಆನೆಯ ವಿಷಯದಲ್ಲಿ ಈ ತೊಡಕು ಇನ್ನೂ ತೀವ್ರ. ಹೊಲದ ಕಡೆಯಿಂದ ನೋಡಿದರೆ ಕಾಡಾನೆ ‘ದಾಳಿ’ ಮಾಡುವಂಥದು. ಕಾಡಿನ ಕಡೆಯಿಂದ ನೋಡಿದರೆ ಅದರ ನೆಲೆಯನ್ನು ಮನುಷ್ಯನೇ ಮೇಯ್ದಿದ್ದಾನೆ. ಉಚ್ಚ ನ್ಯಾಯಾಲಯದ ನಿರ್ದೇಶನದಂತೆ ರಚಿತವಾಗಿ 2012ರಲ್ಲಿ ವರದಿ ಸಲ್ಲಿಸಿದ ಕರ್ನಾಟಕ ಆನೆ ಕಾರ್ಯಪಡೆ ಆಲೂರು–ಸಕಲೇಶಪುರ ಭಾಗದ ಆನೆಗಳನ್ನು ಹಿಡಿದು ಸಾಗಿಸುವುದನ್ನು ಸೂಚಿಸಿತು. ಹಿಡಿಯುವ ಕಾರ್ಯಾಚರಣೆಗಳೂ ನಡೆದವು, ಸಂಘರ್ಷ ಮುಗಿಯಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯ ವೇಳೆ ಆನೆ ಅರ್ಜುನ ಮೃತಪಟ್ಟಿತು. ಮೈಸೂರು ದಸರೆಯಲ್ಲಿ 2012ರಿಂದ 2019ರವರೆಗೆ ಚಿನ್ನದ ಅಂಬಾರಿ ಹೊತ್ತ ಅರ್ಜುನ ಕೂಡ 1968ರಲ್ಲಿ ಕಾಕನಕೋಟೆಯ ಕಾಡಿನಲ್ಲಿ ಸೆರೆಯಾದ ಕಾಡಾನೆಯೇ. ಊರನ್ನು ಕಾಯಲು ಬಂದದ್ದೂ ಆನೆ, ಯಾವುದರಿಂದ ಕಾಯಬೇಕಿತ್ತೋ ಅದೂ ಆನೆ. ಯಾಸ್ಕನ ನಿರ್ವಚನ ನೆನಪಾಗದಿರದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಕನ್ನಡದಲ್ಲಿ ಕಾಯುವವನ ವಿರುದ್ಧಾರ್ಥವು ನಾಮಪದಕ್ಕಿಂತ ಕ್ರಿಯಾಪದದಲ್ಲಿ ನೆಲೆಸಿದೆ. ಕಾಯಲ್ಪಡುವ ವಸ್ತು ಬದಲಾದಂತೆ ಅೞಿ, ಕೊಳ್, ಕೊಲ್, ಮೇಯ್, ತೊರೆ ಎಂದು ಅದೂ ಬದಲಾಗುತ್ತದೆ. ಎರಡು, ಈ ವಿರೋಧಕ್ಕೆ ಹೊರಗಿನ ವೈರಿ, ಒಳಗಿನ ದ್ರೋಹಿ, ಕಾಯುವವರಿಲ್ಲದ ಅನಾಥ, ಕಾಯಿಸಿಕೊಳ್ಳುವ ಪಾಲಿತ ಎಂಬ ನಾಲ್ಕು ಮುಖಗಳಿವೆ. ಮೂರು, ಇವುಗಳಲ್ಲಿ ಯಾವ ಹೆಸರು ಯಾರಿಗೆ ಸಲ್ಲುತ್ತದೆಂಬುದನ್ನು ಬಹುಪಾಲು ಹೆಸರಿಡುವವನ ಸ್ಥಾನ ನಿರ್ಧರಿಸುತ್ತದೆ.

ನಮ್ಮ ನಿಘಂಟುಗಳು ಹಾಗೂ ಶಾಲಾ ವ್ಯಾಕರಣಗಳು ವಿರುದ್ಧಪದಗಳನ್ನು ಕೊಡುವಾಗ ಯಾವುದರ ಕಾವಲಿಗೆ ಎದುರು ಎಂಬ ಸಂದರ್ಭವನ್ನೂ ಸೂಚಿಸುವುದು ಅಗತ್ಯ. ‘ರಕ್ಷಕ’ನ ಮುಂದೆ ‘ಭಕ್ಷಕ’ ಎಂದಷ್ಟೇ ಬರೆದು ಮುಗಿಸಿದರೆ ತಬ್ಬಲಿಯನ್ನೂ ಪಾಲಿತನನ್ನೂ ಮರೆತಂತಾಗುತ್ತದೆ. ಕಾವಲಿನ ಆಚೆಗಿರುವ ಪ್ರತಿಯೊಬ್ಬನನ್ನೂ ಕಳ್ಳನೆಂದು ಬಗೆದಂತಾಗುತ್ತದೆ. ಹಲ್ಮಿಡಿಯ ಶಾಸನಕಾರನು ಅೞಿವವನ ಹೆಸರನ್ನು ಬರೆಯಲಿಲ್ಲ. ಕೃತ್ಯವನ್ನಷ್ಟೇ ಹೇಳಿ ನಿಲ್ಲಿಸಿದನು. ಪದಕೋಶ ರಚಿಸುವವರಿಗೂ ಆಡಳಿತದ ಕಡತ ಬರೆಯುವವರಿಗೂ ಆ ಸಂಯಮ ಇಂದಿಗೂ ಅನುಕರಣೀಯವಾಗಿದೆ.